ಲೋಟದ ತಳದಲ್ಲಿ ಹದಿನೈದು ಅಕ್ಷರ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಪಾತ್ರೆ ಅಂಗಡಿಯ ಬಾಗಿಲಲ್ಲಿ
ಸ್ಟೂಲು ಹಾಕಿ ಕೂತು ಹೆಸರು ಕೆತ್ತುವವನು ನಾನು.
ಅಕ್ಷರಕ್ಕೆ ಎರಡು ರೂಪಾಯಿ, ಒತ್ತಕ್ಷರಕ್ಕೆ ಬೇರೆ ಚಾರ್ಜಿಲ್ಲ.
'ಚಿ. ಸೌ. ಕುಸುಮಾಳ ಮದುವೆಗೆ ಸೋದರಮಾವನಿಂದ'
ಮೆಷಿನ್ನು ಗುರ್ರೆನ್ನುತ್ತದೆ, ಸ್ಟೀಲಿನ ಪುಡಿ ಮಂಡಿಯ ಮೇಲೆ ಉದುರುತ್ತದೆ,
ಕೊಳಗ ಇನ್ನು ಕುಸುಮಾಳದ್ದು.
ಕಳ್ಳ ಹೊತ್ತೊಯ್ದರೂ ಕುಸುಮಾಳದ್ದೇ.

ರಾತ್ರಿ ಊಟವಾದ ಮೇಲೆ ನನ್ನ ಬೇರೆ ಅಂಗಡಿಗಳು ತೆರೆಯುತ್ತವೆ.
ಒಂದರಲ್ಲಿ ಮುಕ್ಕಾಲು ಬೆಲೆ ರಿಯಾಯಿತಿ,
ಒಂದು ವಾರಕ್ಕೊಂದು ಆಟ ಪುಕ್ಕಟೆ ಕೊಡುತ್ತದೆ,
ಮತ್ತೊಂದಕ್ಕೆ ಬೀಗವೇ ಇಲ್ಲ, ತಗೊಂಡ್ಹೋಗಿ ಸ್ವಾಮಿ ಅನ್ನುತ್ತದೆ.
ಇನ್ನೊಂದು ಇದೆ, ಆಟ ಕೊಡುವುದಿಲ್ಲ, ಬರೀ ಚೀಟಿ:
ಬಸ್‌ಸ್ಟ್ಯಾಂಡ್ ಹೋಟೆಲಿನ ಹಾಗೆ
ದುಡ್ಡು ಇಲ್ಲಿ ಕಟ್ಟು, ದೋಸೆ ಅಲ್ಲಿ ಕೇಳು.
ಕೇಳಲು ಹೋದರೆ ಒಮ್ಮೊಮ್ಮೆ ಅಲ್ಲಿಯವನು
'ಈ ಟೋಕನ್ನು ನಿಮ್ಮ ಸೀಮೆಗೆ ನಡೆಯೋಲ್ಲ' ಅಂದುಬಿಡುತ್ತಾನೆ.
ಸೀಮೆ!
ಶಾಂತಿಗ್ರಾಮ ದಾಟಿದರೆ ನಡೆಯುತ್ತದೋ ಏನೋ.

ನೂರಾ ನಲವತ್ತು ಆಟ ಸೇರಿವೆ. ಆಡಿದ್ದು ಒಂಬತ್ತು.
ಉಳಿದವು ಅಟ್ಟದ ಮೇಲಿನ ಬಾಣಲೆಗಳ ಹಾಗೆ,
ಯಾವುದರ ಮೇಲೂ ನನ್ನ ಹೆಸರಿಲ್ಲ.
ಕರೆಂಟು ಹೋಗಿದ್ದ ಒಂದು ಭಾನುವಾರ
ಆ ಉದ್ದದ ಕರಾರನ್ನು ಫೋನಿನಲ್ಲಿ ಪೂರ್ತಿ ಓದಿದೆ.
ಮಾರಿಲ್ಲವಂತೆ ಅವರು. ಆಡಲು ಅಪ್ಪಣೆ ಕೊಟ್ಟಿದ್ದಾರಂತೆ.
ನನ್ನ ಕಸುಬಿಗೇ ಬೈದ ಹಾಗಾಯಿತು.

ಅದಕ್ಕೇ, ಹೊಳೆನರಸೀಪುರದ ತಂಗಿಯ ಮಗಳು ಪೂರ್ವಿಕಾಗೆ
ಹನ್ನೆರಡು ತುಂಬಿದಾಗ, ಹಡಗು ಕಟ್ಟುವ ಆಟವೊಂದನ್ನು ಕೊಂಡು
ಚೀಟಿಯ ಅಕ್ಷರಗಳನ್ನು ಮೆಸೇಜು ಮಾಡದೆ
ಲೋಟದ ತಳಕ್ಕೆ ಕೆತ್ತಿದೆ.
ಐದು, ಗೆರೆ, ಐದು, ಗೆರೆ, ಐದು.

ಪಾರ್ಸೆಲ್ಲು ಬಿಚ್ಚಿದ್ದು ಅವಳ ಅಜ್ಜಿ.
ಕನ್ನಡಕ ಏರಿಸಿ, ತಿರುಗಿಸಿ, ಯಾವುದೋ ಕ್ಷೇತ್ರದ ಯಂತ್ರ ಅಂದುಕೊಂಡು
ದೇವರ ಗೂಡಿನಲ್ಲಿ ಬೋರಲು ಹಾಕಿ ಕುಂಕುಮ ಹಚ್ಚಿದರಂತೆ.
ಮೂರು ದಿನ ಅಲ್ಲೇ ಇತ್ತು ಹಡಗು.

ನಾಲ್ಕನೇ ರಾತ್ರಿ ಫೋನು.
'ಮಾವ, ಏಳನೇದು ಸೊನ್ನೆನಾ, ಓ ನಾ?'
ಮೂವತ್ತೊಂದು ವರ್ಷ ಕೆತ್ತಿದ ಕೈ.
ನನ್ನ ಸೊನ್ನೆಗೂ ಓಗೂ ಒಂದೇ ಹೊಟ್ಟೆ,
ಕೊಳಗದ ಮೇಲೆ ಯಾರೂ ಇದನ್ನು ಕೇಳಿರಲಿಲ್ಲ.
'ಎರಡೂ ಹಾಕಿ ನೋಡೇ.'
'ಹಾಕ್ದೆ. ಎಂಟು ಇದ್ಯಲ್ಲ, ಅದು ಬಿ ಏನಾದ್ರೂ?
ಕುಂಕುಮ ಕೂತ್ಬಿಟ್ಟಿದೆ, ಉಜ್ಜಿದ್ರೂ ಹೋಗ್ತಿಲ್ಲ.'
ನಾನು ಮೇಲ್ ತೆಗೆದು ನೋಡುವಷ್ಟರಲ್ಲಿ ಐದು ಸಲ ತಪ್ಪಿ
ಒಂದು ಗಂಟೆ ಬಿಟ್ಟು ಬನ್ನಿ ಅಂದಿತ್ತು ಅಂಗಡಿ.

ಫೋನು ಇಡಲಿಲ್ಲ ಹುಡುಗಿ.
ಆ ಕಡೆ ಕುಕ್ಕರು ಕೂಗಿತು, ಯಾರೋ ಗೇಟು ಹಾಕಿದರು.
'ಮಾವ.'
'ಏನೇ?'
'ಎಲ್ಲಾರ ಲೋಟದ ಮೇಲೂ ಹೆಸ್ರು ಬರೀತೀಯ.
ಇದ್ರಲ್ಲಿ ನಂದೇ ಇಲ್ವಲ್ಲ.'

ನಾಳೆ ಬಸ್ಸಿಗೆ ಕೊಟ್ಟು ಕಳಿಸು, ಹಾಕಿಕೊಡ್ತೀನಿ ಅಂದೆ.
ಆಟ ಪೂರ್ತಿ ಇಳಿಯೋವರೆಗೂ ಕೊಡಲ್ಲ ಅಂದಳು.