ಕನ್ನಡಿಯೊಳಗಿನ ಅಂಗಾಲು

ಮುಂಜಾನಿ ಆರಕ್ಕ ನೀರು ಕುದೀತೈತಿ.
ಚಾಕ್ಕಲ್ಲ. ಅದಕಿಂತ ಮೊದಲ
ಫಕ್ಕೀರವ್ವನ ಎಡಗಾಲಿಗೆ.
ಕುದಿಸಿ, ಮುಚ್ಚಿಟ್ಟು, ಪೂರಾ ಆರಿಸಿ
ಮುಂಗೈ ಮ್ಯಾಲೆ ನಾಕು ಹನಿ ಬಿಟಗೊಂಡು ನೋಡತೇನಿ.
ಆಕಿ ಕಾಲಿಗೆ ಬಿಸಿ ತಿಳಿಯೂದಿಲ್ಲ,
ಅದರ ಬದಲಿ ನನ್ನ ಮುಂಗೈ ಸುಡಬೇಕು.

ಮೂವತ್ತೊಂದು ವರ್ಷ ಗೋಕುಲ ರೋಡಿನ ಡಿಪೊದಾಗ
ಬಸ್ಸಿನ ಹೊಟ್ಟಿ ಕೆಳಗ ಅಂಗಾತ ಮಲಗಿದವ ನಾ.
ರಿಟೈರಾಗಿ ಐದು ವರ್ಷಾದರೂ
ಉಗುರ ಸಂದಿನ ಗ್ರೀಸ್ ಹೋಗಿದ್ದಿಲ್ಲ.
ಈಗ ಹೋಗೇತಿ.
ಸಾಬಾಣ ಹಚ್ಚಿ ಎರಡೆರಡು ಸಲ ತಿಕ್ಕಿ ತಿಕ್ಕಿ
ಯಾವನೋ ಮಾಸ್ತರನ ಕೈ ಆಗ್ಯಾವ.

ಹೋದ ಬ್ಯಾಸಿಗ್ಯಾಗ
ದುರ್ಗದಬೈಲಿನಿಂದ ನಾಕು ಕಿಲೊ ಉಳ್ಳಾಗಡ್ಡಿ ಹೊತಗೊಂಡು
ನಡಕೋತ ಬಂದಳು, ಆಟೊದ ರೊಕ್ಕಾ ಉಳಿಸಿದೆ ಅಂತ ನಕ್ಕಳು.
ಹೊಸ್ತಲದಿಂದ ಒಲಿತನಕ
ಒಂದ ಕಾಲಿನ ಕೆಂಪು ಗುರುತು.
ನಾ ಕೇಳಿದೆ, ಚೀಲದಾಗ ಬೀಟ್‌ರೂಟ್ ಒಡದೈತೇನ?
ಚಪ್ಪಲಿ ತಿರುವಿದರ
ಒಳಗ ತಲಿ ಎತ್ತಿ ನಿಂತಿತ್ತು ಅರ್ಧ ಇಂಚಿನ ಮಳಿ.
ಇಂಥಾವು ಎಷ್ಟು ಕಿತ್ತೇನೋ ಟೈರಿನಿಂದ.
ಟೈರರೆ ಉಸ್ ಅಂತೈತಿ.
ಈಕಿ ಅನಲಿಲ್ಲ.

ಅರಿಷಿಣ ತುಂಬು ಅಂದಳು ಎದುರಮನಿ ಬಸಲಿಂಗವ್ವ.
ಕಾಫಿಪುಡಿ ಅಂದಳು ಬೀಗತಿ.
ಕಟಿಂಗ್ ಶಾಪಿನ ಹುಡುಗ ಟೂತ್‌ಪೇಸ್ಟ್ ಅಂದ.
ಸುಳ್ಳು ಯಾಕ ಹೇಳಲಿ,
ಒಂದು ವಾರ ನಾನೂ ಅರಿಷಿಣ ತುಂಬಿದೆ.
ತುಕ್ಕಿನ ಮ್ಯಾಲೆ ಬಣ್ಣ ಹೊಡದರ ಏನಾಗತೈತಿ ಅಂತ
ನನಗಿಂತ ಚಲೋ ಯಾರಿಗೆ ಗೊತ್ತು?
ಆದರೂ ತುಂಬಿದೆ.
ಮೊದಲ ವಾಸನಿ ಹೇಳಿತು.
ಕಿಮ್ಸಿಗೆ ಹೋಗುಮುಂದ ಆಟೊದಾಗ
ಆಕಿ ಹೊರಗ ಮಾರಿ ಮಾಡಿ ಕುಂತಿದ್ದಳು.

ಕಾಲುಂಗುರದ ಬಟ್ಟು ಹೋತು.
ಉಂಗುರ ಶುಗರ್ ಮಶೀನಿನ ಡಬ್ಬಿಯೊಳಗ ಐತಿ,
ದಿನಾ ಸೂಜಿ ಹುಡುಕುಮುಂದ ಕೈಗೆ ತಾಕತೈತಿ.

ಮನಿಗೆ ಬಂದ ಮೊದಲನೇ ದಿನ ಕಾಲು ಜಗ್ಗಿಕೊಂಡಳು:
"ಬಿಡ್ರಿ, ಗಂಡಸು ಕಾಲು ಹಿಡದರ ಪಾಪ ಬರತೈತಿ."
ಲಗ್ನದಾಗ ಹಿಡದಿದ್ದೆನಲ್ಲ, ಅಂದೆ.
"ಅವತ್ತ ಇಡೀ ಕಾಲಿತ್ತು."
ಇದಕ್ಕ ನನ್ನ ಹತ್ತರ ಜವಾಬಿದ್ದಿಲ್ಲ.
ಗಾಜ್‌ಪಟ್ಟಿ ಕತ್ತರಿಸಿದೆ.

ನರ್ಸಬಾಯಿ ಹೇಳಿಕೊಟ್ಟದ್ದು ಪಾಠ ಆಗೇತಿ:
ಒರಸಬ್ಯಾಡ್ರಿ, ಮುಟ್ಟಿಸಿ ಎತ್ತರಿ.
ದಾಳಿಂಬರಿ ಕಾಳಿನ ಬಣ್ಣ ಬಂದರ ಸುದ್ದಿ ಚಲೋ.
ಹಳದಿ ಆದರ ಫೋನ್ ಮಾಡ್ರಿ.
ಕರಗಾದರ ಫೋನೂ ಬ್ಯಾಡ, ಬಂದಬಿಡ್ರಿ.
ಸ್ಟೀಲ್ ಪಟ್ಟಿ ಹತ್ತರ ಹಿಡದು ಅಳೀತೇನಿ,
ಹಳೇ ಲಾಗಶೀಟಿನ ಬೆನ್ನಿಗೆ ಬರೀತೇನಿ:
ಮೂರು ಸೆಂಟಿಮೀಟರ್. ಮೂರು. ಎರಡೂಮುಕ್ಕಾಲು. ಮತ್ತ ಮೂರು,
ಅವತ್ತ ಯಾರದೋ ಸೀಮಂತದಾಗ ಹೋಳಿಗಿ ತಿಂದಿದ್ದಳು.

ಬಲಗಾಲಿಗೆ ಕನ್ನಡಿ.
ಗುಜರಿಗೆ ಹೊಂಟಿದ್ದ ಬಸ್ಸಿಂದು, ಒಂದು ಮೂಲಿ ಸೀಳೇತಿ.
ನೆಲಕ್ಕ ಅಂಗಾತ ಇಟ್ಟು, ಅದರ ಮ್ಯಾಲೆ ಪಾದ ಹಿಡದು
ಬಿರುಕು, ಬೊಬ್ಬಿ, ಕಲ್ಲಿನ ಹಳಕು ಹುಡುಕತೇನಿ.
ಮೊದಲ ಸಲ ಇಣುಕಿದಾಗ ಆಕಿ ಅಂದಳು:
"ಯಾರದ್ರೀ ಇದು?"
ಅರವತ್ತೆರಡು ವರ್ಷ ಆಕಿನ್ನ ಹೊತ್ತು ತಿರಗಿದ್ದು,
ಪರಿಚಯ ಇದ್ದಿಲ್ಲ.

ಹೊಸಾ ಚಪ್ಪಲಿಯೊಳಗ
ಆಕಿ ಕಾಲಿಗಿಂತ ಮೊದಲ ನನ್ನ ಕೈ ಹೋಗಿ ಬರತೈತಿ.

ಐತವಾರಕ್ಕೊಮ್ಮೆ ದಾರದ ಪರೀಕ್ಷಾ.
ಕಣ್ಣು ಮುಚಗೋ ಅಂತೇನಿ,
ದಾರದ ತುದಿ ಹೆಬ್ಬಟ್ಟಿಗೆ ಮುಟ್ಟಸತೇನಿ.
ತಿಳೀತೇನ?
"ಇಲ್ಲ."
ಈಗ?
"ಇಲ್ಲರೀ."
ಇವತ್ತ ಹೊರಗ ಯಾರೋ ಕರದರು,
ದಾರ ಕೈಯಾಗ ಹಂಗ ಹಿಡದು ಬಾಗಿಲ ಕಡೆ ನೋಡಿದೆ.
ಮುಚ್ಚಿದ ಕಣ್ಣಿನ್ಯಾಗ ನಕ್ಕಳು:
"ಈಗ ಮುಟ್ಟಿದ್ರಿ, ಹೌದಲ್ರೀ?"
ಇನ್ನೂ ಮುಟ್ಟಿದ್ದಿಲ್ಲ.

ಲಾಗಶೀಟಿನ್ಯಾಗ ಆ ಜಾಗಾ ಖಾಲಿ ಬಿಟ್ಟೇನಿ.