ಹಿಮ್ಮಡಿ ಖಾತೆ

ಸೊಹಾರಿನ ಆಸ್ಪತ್ರೆ, ಎರಡನೇ ಮಹಡಿ,
ಪ್ಲಾಸ್ಟರ್ ಕೋಣೆಗೆ ತಾಗಿ ನನ್ನ ಮೇಜು.
ಕಿಟಕಿಗೆ ಆಗಸ್ಟಿನ ಬೆವರು;
ಗಾಜಿನಾಚೆ ಸಮುದ್ರ ಇದೆಯೆಂಬುದು ನಂಬಿಕೆ.
ಐದು ಗಂಟೆಯವರೆಗೆ ಕಂಡವರ ಪಾದ ಹಿಡಿದು ತಿರುಗಿಸುತ್ತೇನೆ,
ಆಮೇಲೆ ಡಾಕ್ಟರ್ ವಜ್ದಿಯವರ ಪ್ರಬಂಧಕ್ಕೆ
ಲೆಕ್ಕ ತುಂಬುತ್ತೇನೆ.

ಏಣಿಯಿಂದ ಬಿದ್ದವರು ಬಹುತೇಕ ನಿಂತೇ ಬೀಳುತ್ತಾರೆ,
ಬೆಕ್ಕಿನ ಹಾಗೆ.
ಬೆಕ್ಕಲ್ಲವಲ್ಲ;
ಕಲ್ಲಿಗೆ ಕುಕ್ಕಿದ ಗೆರಟೆಯಂತೆ
ಹಿಮ್ಮಡಿ ಮೂಳೆ ನಾಲ್ಕು ಚೂರು.

ಹಳೆಯ ವಿಧಾನದಲ್ಲಿ ಹೊರಮಗ್ಗುಲಿಗೆ ಉದ್ದದ ಕೊಯ್ತ,
ಕುಡುಗೋಲಿನಂತೆ ಬಾಗಿದ್ದು.
ಚರ್ಮವನ್ನು ಹಾಳೆಯಂತೆ ಮಗುಚಿ
ಚೂರು ಚೂರನ್ನೂ ಕಣ್ಣಾರೆ ಕಂಡು ಕೂಡಿಸಿ
ಮೇಲೊಂದು ತಗಡು ಬಿಗಿದರೆ
ಎಕ್ಸ್‌ರೇಯಲ್ಲಿ ಅದು ಮದುವೆಗೆ ಹೊರಟ ಮೂಳೆ!
ಹನ್ನೆರಡನೇ ದಿನ ಹೊಲಿಗೆಯ ಮೂಲೆ ಕಪ್ಪಾಗುತ್ತದೆ.
ನಾನು ಮೊದಲು ಮೂಸುತ್ತೇನೆ, ಆಮೇಲೆ ನೋಡುತ್ತೇನೆ.

ವಜ್ದಿಯವರ ಮೆಚ್ಚಿನದು ಬೇರೆ. ಕಾಲ್ಗಂಟಿನ ಕೆಳಗೆ
ಎರಡು ಬೆರಳಗಲದ ಸೀಳು, ಅಷ್ಟೇ.
ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಲ್ಲಿ ತಡಕುವಂತೆ
ಪರದೆ ನೋಡುತ್ತಾ ಒಳಗಿನದನ್ನು ಎತ್ತಿ
ಮೂರು ಸ್ಕ್ರೂ.
ಮೂಳೆ ಕೊಂಚ ಸೊಟ್ಟ.
ಗಾಯ ಮಾತ್ರ ಹೇಳಿದ ಮಾತು ಕೇಳುತ್ತದೆ.

ಆ ಸಾಲಿಗೆ ನಲವತ್ತೊಂದು ಹಿಮ್ಮಡಿ, ಈ ಸಾಲಿಗೆ ಮೂವತ್ತೆಂಟು.
ಕೀವು ಅಲ್ಲಿ ಒಂಬತ್ತು, ಇಲ್ಲಿ ಎರಡು.
ನೂರಕ್ಕೆ ಎಷ್ಟು ಅಂಕ ಎಂಬುದಕ್ಕೆ
ಯಾವುದೋ ತಂಪು ದೇಶದ ಪ್ರಶ್ನೆಪತ್ರಿಕೆ:
ಎಷ್ಟು ಬೀದಿ ನಡೆಯಬಲ್ಲಿರಿ?
ಇಷ್ಟಪಟ್ಟ ಬೂಟು ಹಾಕಬಲ್ಲಿರಾ?

ಅದು ಕೇಳುವುದಿಲ್ಲ,
ಕ್ಯಾಂಪಿನ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂತವರು
ಏನು ಹಿಡಿದು ಏಳುತ್ತೀರಿ ಎಂದು.
ಏಣಿಯ ಎಷ್ಟನೇ ಮೆಟ್ಟಿಲಿಗೆ ಬೆವರು ತಣ್ಣಗಾಗುತ್ತದೆ ಎಂದು.
ನಾನೇ ಕೇಳಿದೆ, ಪತ್ರಿಕೆಯಲ್ಲಿ ಇಲ್ಲದ್ದು.
ತೊಫಾಜ್ಜಲ್ ನಕ್ಕ:
"ಕುರ್ಚಿ ಮೇಲೆ ಕೂತೇ ನಮಾಜು ಮಾಡ್ತೇನೆ ಸಿಸ್ಟರ್,
ಅವನು ಅಂಕ ಕಳೆಯೋದಿಲ್ಲ."

'ಒಂದು ವರ್ಷದ ಬಳಿಕ' ಎಂಬ ಕಾಲಮ್ಮಿನಲ್ಲಿ
ಇಪ್ಪತ್ತಮೂರು ಮನೆ ಖಾಲಿ.
'ಸಂಪರ್ಕ ತಪ್ಪಿದವರು' ಎನ್ನುತ್ತದೆ ಶಾಸ್ತ್ರ,
ಜಾತ್ರೆಯಲ್ಲಿ ಕೈಬಿಟ್ಟ ಮಕ್ಕಳೋ ಎಂಬಂತೆ.
ಇವರು ತಪ್ಪಿದವರಲ್ಲ. ವೀಸಾ ರದ್ದು, ಒಂದು ಕಡೆಯ ಟಿಕೇಟು,
ವಿಮಾನದ ಬಾಗಿಲವರೆಗೆ ಗಾಲಿಕುರ್ಚಿ.
ಸ್ವಂತ ಕಾಲ ಮೇಲೆ ನಿಲ್ಲಲು ಬಂದವರು.

ಶುಕ್ರವಾರ ರಜೆ, ನನ್ನದೇ ಫೋನು.
ಸ್ವಿಚ್ ಆಫ್. ಸ್ವಿಚ್ ಆಫ್. ಈ ಸಂಖ್ಯೆ ಬಳಕೆಯಲ್ಲಿಲ್ಲ.
ಒಂದು ಕಡೆ ಯಾರೋ ಒಡಿಯಾದಲ್ಲಿ ಬೈದರು.
ಹದಿನಾಲ್ಕನೆಯದು ವೇಣೂರಿನ ಲೋಕಯ್ಯ ಮೂಲ್ಯ.
ಎತ್ತಿದರು.
ಹಿಂದೆ ಹೊಲಿಗೆ ಮಿಷನ್ನಿನ ಕಟಕಟ.

"ಆಟೋ ಬಿಟ್ಟೆ, ಬಲಗಾಲು ಬ್ರೇಕಿಗೆ ಬಗ್ಗೋದಿಲ್ಲ.
ಇದಕ್ಕೆ ಎಡದ್ದೇ ಸಾಕು.
ನಂದು ದೊಡ್ಡ ಕೊಯ್ತವಾ, ಸಣ್ಣದಾ?"
ಸಣ್ಣದು, ಅಂದೆ.
"ಅದು ಒಳ್ಳೇದಾ?"
ಪರದೆಯ ಮೇಲೆ ವಜ್ದಿಯವರ ಕೊನೆಯ ಸಾಲು ಮಿನುಗುತ್ತಿತ್ತು:
ಖಾಲಿ ಮನೆಗಳನ್ನು ಬಿಟ್ಟು ಎಣಿಸಿದರೆ
ಒಂದು ವರ್ಷದ ಅಂಕಗಳಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲ.
ಗಾಯ ಬೇಗ ಒಣಗ್ತದೆ, ಅಂದೆ.
"ಅದು ಹೌದು," ಅಂದರು.

ಅಂಕ ಕೇಳಿದೆ. "ನಿಮಗೆ ಎಷ್ಟು ಬೇಕೋ ಬರ್ಕೊಳ್ಳಿ."
ಆಮೇಲೆ ಮಿಷನ್ನು ನಿಲ್ಲಿಸಿ ಮೆಲ್ಲಗೆ:
"ಒಂದು ಸಂಶಯ ಮೇಡಂ,
ಹೊರಡೋ ದಿವಸ ಹೆಲ್ಮೆಟ್ಟು, ಬೂಟು, ಕೊಡೆಯಷ್ಟು ಹಳೇ ಕಂಬಳಿ,
ಎಲ್ಲ ಎಣಿಸಿ ವಾಪಸು ತಕೊಂಡ್ರು.
ಆ ಮೂರು ಸ್ಕ್ರೂ
ಕಂಪನಿದ್ದಾ, ನಂದಾ?"

ಅದಕ್ಕೊಂದು ಕಾಲಮ್ಮು ಇಲ್ಲ.
ಷರಾದಲ್ಲಿ ಬರೆದೆ, ಅಳಿಸಿದೆ,
ಮತ್ತೆ ಬರೆದೆ:
ರೋಗಿಯದು.