ಬ್ಯಾಗಿನ್ಯಾಗ ಏನೈತಿ

ಬನಹಟ್ಟಿಯ ಏಳೂವರಿ ಬಸ್ಸಿಗೆ
ಆರಕ್ಕೇ ಬ್ಯಾಗ ತುಂಬಾಕ ಕುಂತೆ.
ಮೂರು ಚಡ್ಡಿ, ಎರಡು ಅಂಗಿ, ಕುಂಚಿಗಿ,
ಒರಸಾಕ ಹಳೇ ಧೋತರದ ಮೆತ್ತನ್ನ ತುಂಡು,
ಡಬ್ಬ್ಯಾಗ ಹೆಸರಬ್ಯಾಳಿ ಹಾಕಿ ಮಿದ್ದ ಅನ್ನ,
ತುಪ್ಪ ಅತ್ತಿಯ ಕಣ್ಣಳತಿ.

ಗ್ವಾಡಿ ಆಚೆ ಮಗ್ಗ ಶುರುವಾಗಿತ್ತು,
ಖಟಾಖಟ್, ಖಟಾಖಟ್.
ಆ ತಾಳಕ್ಕ ಸರಿಯಾಗಿ
ನಾ ಒಂದ ಇಟ್ಟರ ದಾಕ್ಷಿ ಒಂದ ತಗದ್ಲು.
ಹದಿನಾರು ತಿಂಗಳ ಹುಡುಗಿ.
ನಡಿಗಿ ಇನ್ನೂ ಹೊಸಾದು,
ಕೈ ಮಾತ್ರ ಪಳಗಿದ ಕಳ್ಳರದು.

ಹೊರಗ ಇವರ ಗಾಡಿ ಹಾರ್ನು.
ಜಿಪ್ಪು ಎಳದೆ, ಒಳಗ ನೋಡಲಿಲ್ಲ.

ಜಮಖಂಡಿ, ಮುಧೋಳ ದಾಟಿತು.
ಲೋಕಾಪುರ ಇನ್ನೂ ಎರಡು ಮೈಲಿ ಇರೂದ್ರಾಗ
ನನ್ನ ತೊಡಿ ಬೆಚ್ಚಗಾತು.
ಬಾಜೂಕಿನ ಮುದುಕಿ ಸೀರಿ ಮ್ಯಾಲೆತ್ತಿ
ಸರದು ಕುಂತಳು, ಏನೂ ಅನ್ನಲಿಲ್ಲ.
ಬ್ಯಾಗಿನ್ಯಾಗ ಕೈ ಹಾಕಿದೆ:
ಒಂದು ಉಳ್ಳಾಗಡ್ಡಿ.
ಮಾವನ ಎಡಗಾಲ ಚಪ್ಪಲಿ.
ನೂಲು ಮುಗದ ಕಂಡಿಕಿ ನಾಕು.
ಟೀವಿ ರಿಮೋಟು.
ಚಡ್ಡಿ ಅಂದರ ಚಡ್ಡಿ, ಒಂದೂ ಇಲ್ಲ.

ಬಡೀಬೇಕಂತ ಕೈ ಎತ್ತಿದ್ದೆ.
ಉಳ್ಳಾಗಡ್ಡಿ ಕಂಡಾಕಿ
ಕಳಕೊಂಡ ಬಳಗ ಸಿಕ್ಕಂಗ ಚೀರಿ
ಎದಿಗೆ ಅವಚಿಕೊಂಡಳು.
ಎತ್ತಿದ ಕೈಲೆ ನನ್ನ ಕೂದಲಾ ಸರಿಮಾಡಿಕೊಂಡೆ.

ಮುದುಕಿ ತನ್ನ ಚೀಲ ಬಿಚ್ಚಿದಳು.
ಯಾರದೋ ಉಡಿಗೆ ಒಯ್ಯುತ್ತಿದ್ದ ಗುಳೇದಗುಡ್ಡದ ಖಣ,
ಮಡಿಕಿ ಇನ್ನೂ ಮುರಿದಿಲ್ಲ.
"ತಗೋ, ಸುತ್ತು. ಆ ಉಡಿಗೆ ಮತ್ತೊಂದು ಸಿಗತೈತಿ."

ಅಷ್ಟರಾಗ ಫೋನು. ಅತ್ತಿ:
"ರಿಮೋಟ್ ಎಲ್ಲೆರೆ ನೋಡೀಯೇನವಾ?"

ಖಣ ಉಟ್ಟು ಕಿಟಕಿಗೆ ನಿಂತ ದಾಕ್ಷಿ
ಗುಂಡಿ ಒತ್ತಿ ಒತ್ತಿ ಚಾನೆಲ್ ಬದಲಿಸಾಕತ್ತಿದ್ದಳು:
ಕಬ್ಬು.
ಕಬ್ಬು.
ಗೋಂಜಾಳ.
ಸಿಮೆಂಟ್ ಫ್ಯಾಕ್ಟರಿ.
ಮತ್ತ ಕಬ್ಬು.